ಬಾಣಂತಿಯ ಬಾಯಾರಿಕೆ

ಕೆಲವು ವರ್ಷಗಳ ಹಿಂದೆ, ಒಂದು ವೈಶಾಖ ಮಾಸದಲ್ಲಿ, ನನ್ನ ತಂಗಿ ಚೊಚ್ಚಲ ಬಾಣಂತನಕ್ಕೆಂದು ಹರಿಹರದ ನಮ್ಮ ಮನೆಯಲ್ಲಿದ್ದಳು. ತುಂಗಭದ್ರೆ ಸೊರಗಿ ಮರಳಿನ ನಡುವೆ ಸಣ್ಣ ಕಾಲುವೆಯಂತೆ ಹರಿಯುವ ಕಾಲ ಅದು. ನಡುಮನೆಯ ಪಕ್ಕದ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಹೊರಸಿನ ಕೆಳಗೆ ಕೆಂಡದ ಬಾಂಡಲಿಯನ್ನಿರಿಸಿ, ತಾಯಿಮಗುವನ್ನು ಅಲ್ಲಿ ಮಲಗಿಸಿದ್ದರು. ಒಂದು ಮಧ್ಯಾಹ್ನ ನಾನು ಬಾಗಿಲ ಬಳಿ ಸುಳಿದಾಗ ತಂಗಿ ಮೆಲ್ಲನೆ, “ಅಣ್ಣಾ, ಭಾಳ ನೀರಡಿಕೆ ಆಗೇತಿ, ಅವ್ವಗ ಗೊತ್ತಾಗದಂಗ ಒಂದು ಲೋಟ ನೀರು ತಂದುಕೊಡು” ಎಂದಳು. ನೀರು ಕುಡಿದರೆ ಬಾಣಂತಿಯ ಹೊಟ್ಟೆ ಇಳಿಯುವುದಿಲ್ಲ, ಮೈಗೆ ಶೀತ ಸೇರಿ ವಾತವಾಗುತ್ತದೆ ಎಂಬ ಕಾರಣದಿಂದ, ದಿನಕ್ಕೆ ಎರಡು ಮೂರು ಲೋಟಕ್ಕಿಂತ ಹೆಚ್ಚು ನೀರು ಕೊಡಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು.

ಅದೇ ವಾರ ನಾನು ಕಾಲೇಜಿನಲ್ಲಿ ಗುಪ್ತೋಷ್ಣದ ಪಾಠ ಮಾಡಿದ್ದೆ. ಬೆವರು ಆರುವಾಗ ಮೈಯಿಂದ ಎಷ್ಟು ಶಾಖ ಹೊರಟುಹೋಗುತ್ತದೆಂಬುದನ್ನು ಕಪ್ಪುಹಲಗೆಯ ಮೇಲೆ ಲೆಕ್ಕಮಾಡಿ ತೋರಿಸಿದ್ದೆ. ಆದರೂ ಆ ದಿನ ಕದ್ದು ಒಂದು ಲೋಟ ನೀರು ಕೊಟ್ಟುಬಂದೆನೇ ಹೊರತು, ಅವ್ವನೊಡನೆ ಕುಳಿತು ಆ ಲೆಕ್ಕವನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಹೇಳದೆ ಉಳಿದ ಆ ಮಾತನ್ನು ಈಗ ವಿದ್ಯಾರ್ಥಿಮಿತ್ರರ ಮುಂದೆ ಇಡುತ್ತಿದ್ದೇನೆ.

ಬಾಣಂತನವನ್ನೆಲ್ಲ ಮೂಢಾಚಾರವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನ್ನ ಉದ್ದೇಶವೆಂದು ಯಾರೂ ಭಾವಿಸಬಾರದು. ದಾವಣಗೆರೆ, ಹರಿಹರದ ಕಡೆಯ ಮನೆಗಳಲ್ಲಿ ನಡೆಯುವ ಆರೈಕೆಯನ್ನು ನೀವೆಲ್ಲ ನೋಡಿಯೇ ಇದ್ದೀರಿ. ಎರೆಯಲು ಬರುವ ಅಜ್ಜಿ ಬಾಣಂತಿಯ ಮೈಗೆ ಬೆಚ್ಚನೆಯ ಎಣ್ಣೆಯನ್ನು ತಿಕ್ಕುತ್ತಾಳೆ. ಹಂಡೆಯ ಬಿಸಿನೀರನ್ನು ತಲೆಯ ಮೇಲಿಂದ ಎರೆಯುತ್ತಾಳೆ. ಸಾಂಬ್ರಾಣಿಯ ಹೊಗೆಯಲ್ಲಿ ಕೂದಲನ್ನು ಆರಿಸುತ್ತಾಳೆ. ಅಡಿಗೆಯ ಮನೆಯಲ್ಲಿ ಅಳವಿಯ ಪಾಯಸ, ಅಂಟಿನುಂಡೆ, ಸಬ್ಬಸಿಗೆ ಸೊಪ್ಪಿನ ಪಲ್ಯ, ಮೆಣಸು ಬೆಳ್ಳುಳ್ಳಿಯ ಸಾರು ಸಿದ್ಧವಾಗುತ್ತವೆ. ಎಲ್ಲಕ್ಕೂ ಮಿಗಿಲಾಗಿ, ಹೆತ್ತವಳು ಕಸ ಗುಡಿಸುವುದಿಲ್ಲ, ನೀರು ಹೊರುವುದಿಲ್ಲ. ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಇನ್ನೊಬ್ಬರ ಕೈ ಸಿದ್ಧವಾಗಿರುತ್ತದೆ. ಇದು ಸಾಮಾನ್ಯವಾದ ಉಪಕಾರವಲ್ಲ.

ಏಕೆಂದರೆ ಹೆರಿಗೆಯಾದ ಕೂಡಲೇ ಹೆಣ್ಣಿನ ದೇಹದಲ್ಲಿ ನಡೆಯುವ ಮಾರ್ಪಾಟು ಅತ್ಯಂತ ತೀವ್ರವಾದುದು. ಗರ್ಭಕಾಲದಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟೆರೋನ್ ಎಂಬ ಹಾರ್ಮೋನುಗಳನ್ನು ಬಹುಮಟ್ಟಿಗೆ ತಯಾರಿಸುವುದು ಮಾಸು. ಮಗುವಿನ ಹಿಂದೆಯೇ ಮಾಸೂ ಹೊರಬೀಳುವುದರಿಂದ, ಒಂಬತ್ತು ತಿಂಗಳು ಏರುತ್ತ ಬಂದಿದ್ದ ಈ ಹಾರ್ಮೋನುಗಳ ಪ್ರಮಾಣ ಕೆಲವೇ ದಿನಗಳಲ್ಲಿ ಗರ್ಭಪೂರ್ವದ ಮಟ್ಟಕ್ಕೆ ಕುಸಿಯುತ್ತದೆ. ಇತ್ತ ಹಾಲನ್ನು ಉತ್ಪತ್ತಿಮಾಡಿಸುವ ಪ್ರೊಲ್ಯಾಕ್ಟಿನ್ ತನ್ನ ಕೆಲಸವನ್ನು ಆರಂಭಿಸುತ್ತದೆ. ಮಗು ಚೀಪಿದಾಗಲೆಲ್ಲ ಆಕ್ಸಿಟೋಸಿನ್ ಸ್ರವಿಸಿ ಹಾಲನ್ನು ಹೊರದೂಡುತ್ತದೆ. ರಾತ್ರಿ ಮೈ ಬೆವರುವುದು, ಕಾರಣವಿಲ್ಲದೆ ಕಣ್ಣೀರು ಬರುವುದು ಈ ದಿನಗಳಲ್ಲಿ ಸಾಮಾನ್ಯ. ಕೆಲವರಲ್ಲಿ ಈ ದುಗುಡ ವಾರಗಟ್ಟಲೆ ಉಳಿದು ಖಿನ್ನತೆಯಾಗುತ್ತದೆ. ಭಾರತದಲ್ಲಿ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಈ ಖಿನ್ನತೆ ಉಂಟೆಂದು ಅಂದಾಜು ಮಾಡಿದೆ. ಇಂಥ ಹೊತ್ತಿನಲ್ಲಿ ವಿಶ್ರಾಂತಿ, ಪುಷ್ಟಿಕರವಾದ ಊಟ, ಅಕ್ಕರೆಯ ಸ್ಪರ್ಶ ಇವು ಎಷ್ಟು ಅವಶ್ಯವೆಂಬುದನ್ನು ನಮ್ಮ ಅಜ್ಜಿಯರು ಹಾರ್ಮೋನಿನ ಹೆಸರನ್ನೇ ಕೇಳದೆ ಕಂಡುಕೊಂಡಿದ್ದರು.

ಆದರೆ ಆಚರಣೆಯೊಂದು, ಅದಕ್ಕೆ ಕೊಡುವ ಕಾರಣ ಇನ್ನೊಂದು. ಆಚರಣೆ ಒಳ್ಳೆಯದಾದ ಮಾತ್ರಕ್ಕೆ ಕಾರಣವೂ ನಿಜವಾಗಬೇಕಾಗಿಲ್ಲ. ಇದನ್ನು ಪರೀಕ್ಷಿಸಲು ಒಂದು ಸುಲಭವಾದ ಉಪಾಯವುಂಟು: ಅದೇ ಕಾರಣವನ್ನು ನಂಬುವ ಬೇರೊಂದು ನಾಡಿನವರು ಏನು ಮಾಡುತ್ತಾರೆಂದು ನೋಡುವುದು.

ಚೀನಾ ದೇಶದಲ್ಲಿಯೂ ಬಾಣಂತನವುಂಟು. ‘ತಿಂಗಳು ಕೂರುವುದು’ ಎಂದು ಅದರ ಹೆಸರಿನ ಅರ್ಥ. ಹೆತ್ತವಳ ಮೈಯ ಸಂದುಗಳು ತೆರೆದುಕೊಂಡಿರುತ್ತವೆ, ಗಾಳಿಯೂ ಶೀತವೂ ಒಳಹೊಕ್ಕು ಮುಂದೆ ಕೀಲುನೋವನ್ನು ತರುತ್ತವೆ ಎಂಬುದು ಅಲ್ಲಿಯ ಪ್ರಾಚೀನ ವೈದ್ಯದ ಮತ. ನಮ್ಮ ‘ಶೀತ, ವಾತ’ಗಳ ಮಾತೂ ಹೆಚ್ಚುಕಡಿಮೆ ಅದೇ. ಆದರೆ ಈ ಒಂದೇ ಮತದಿಂದ ಎರಡು ದೇಶದವರು ಹೊರಡಿಸಿದ ಅಪ್ಪಣೆಗಳನ್ನು ನೋಡಿ! ಶೀತವಾದೀತೆಂದು ನಮ್ಮವರು ದಿನವೂ ತಲೆಗೆ ಎಣ್ಣೆಯೊತ್ತಿ ಹಂಡೆಗಟ್ಟಲೆ ನೀರೆರೆಯುತ್ತಾರೆ; ಶೀತವಾದೀತೆಂದೇ ಸಂಪ್ರದಾಯಸ್ಥ ಚೀನೀಯರು ತಿಂಗಳು ಪೂರ್ತಿ ಸ್ನಾನವನ್ನೂ ತಲೆ ತೊಳೆಯುವುದನ್ನೂ ನಿಷೇಧಿಸಿದರು. ನಿತ್ಯ ನೀರೆರೆಸಿಕೊಂಡ ನಮ್ಮ ಬಾಣಂತಿಯರೂ ಚೇತರಿಸಿಕೊಂಡರು. ತಲೆಗೆ ನೀರು ಸೋಕಿಸದ ಅವರೂ ಚೇತರಿಸಿಕೊಂಡರು. ಹಾಗಾದರೆ ಚೇತರಿಸಿದ್ದು ಯಾವುದು? ಎರಡೂ ಕಡೆ ಸಮಾನವಾಗಿದ್ದ ವಿಶ್ರಾಂತಿ, ಬಿಸಿ ಊಟ, ಇನ್ನೊಬ್ಬರ ಕೈಯ ಸಹಾಯ ಇವೇ ಅಲ್ಲವೆ?

ಪ್ರಯೋಗಶಾಲೆಯ ಕಠಿಣ ನಿಯಮಗಳಿಗೆ ಒಳಪಟ್ಟ ಒಂದು ನಿದರ್ಶನವೂ ಉಂಟು. ಚೀನೀ ವೈದ್ಯದ ಆಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆಯನ್ನು ನೀವು ಕೇಳಿರಬಹುದು. ದೇಹದಲ್ಲಿ ‘ಛೀ’ ಎಂಬ ಪ್ರಾಣಶಕ್ತಿ ಹರಿಯುವ ಮಾರ್ಗಗಳಿವೆಯೆಂದೂ, ಆ ಮಾರ್ಗಗಳ ಗೊತ್ತಾದ ಬಿಂದುಗಳಲ್ಲಿ ಸೂಜಿ ಚುಚ್ಚಬೇಕೆಂದೂ ಅದರ ಸಿದ್ಧಾಂತ. ಜರ್ಮನಿಯ ವೈದ್ಯರು ಬೆನ್ನುನೋವಿನ 1162 ರೋಗಿಗಳನ್ನು ಮೂರು ಗುಂಪುಮಾಡಿ ಇದನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ, ಇನ್ನೊಂದು ಗುಂಪಿಗೆ ಬಿಂದುಗಳಲ್ಲದ ಬೇರೆ ಕಡೆ ಮೇಲೆಮೇಲೆ ಸೂಜಿ ಚುಚ್ಚಿದರು. ಮೂರನೆಯ ಗುಂಪಿಗೆ ವಾಡಿಕೆಯ ಔಷಧ, ವ್ಯಾಯಾಮ. ಆರು ತಿಂಗಳ ಬಳಿಕ ಮೊದಲ ಗುಂಪಿನಲ್ಲಿ ನೂರಕ್ಕೆ 48 ಮಂದಿಗೆ, ಎರಡನೆಯದರಲ್ಲಿ 44 ಮಂದಿಗೆ, ಮೂರನೆಯದರಲ್ಲಿ 27 ಮಂದಿಗೆ ಗುಣ ಕಂಡಿತು. ಸೂಜಿ ಹಾಕಿಸಿಕೊಂಡವರಿಗೆ ಹೆಚ್ಚು ಗುಣವಾದದ್ದು ನಿಜ. ಆದರೆ ಚುಚ್ಚಿದ ಬಿಂದು ಸರಿಯೋ ತಪ್ಪೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಇಲ್ಲಿಯೂ ಆಚರಣೆಯಿಂದ ಬಂದ ಗುಣವೊಂದು, ಅದಕ್ಕೆ ಕೊಟ್ಟ ಕಾರಣವೊಂದು. ಅವೆರಡನ್ನೂ ಬಿಡಿಸಿ ನೋಡುವುದಕ್ಕೇ ವಿಜ್ಞಾನವೆಂದು ಹೆಸರು.

ಬಿಡಿಸಿ ನೋಡದಿದ್ದರೆ ನಷ್ಟವೇನು, ನಂಬಿಕೆ ತನ್ನಷ್ಟಕ್ಕೆ ತಾನಿರಲಿ ಎಂದು ಕೆಲವರು ಕೇಳಬಹುದು. ನಷ್ಟವುಂಟು. ಅದನ್ನು ತೋರಿಸಲು ನನ್ನ ತಂಗಿಯ ಲೋಟದ ಲೆಕ್ಕವನ್ನೇ ಮಾಡೋಣ.

ಮೊಲೆಯೂಡಿಸುವ ತಾಯಿಯಿಂದ ದಿನಕ್ಕೆ ಸುಮಾರು 750 ಮಿಲಿಲೀಟರು ಹಾಲು ಹೋಗುತ್ತದೆ. ಅದರಲ್ಲಿ ನೂರಕ್ಕೆ 87 ಪಾಲು ನೀರು. ಎಂದರೆ ಸುಮಾರು 650 ಮಿಲಿಲೀಟರು. ಇನ್ನು ಬೆವರು. ಸುಮ್ಮನೆ ಮಲಗಿದ್ದಾಗಲೂ ಮನುಷ್ಯದೇಹ ಸೆಕೆಂಡಿಗೆ ಸುಮಾರು 80 ಜೌಲಿನಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಕೋಣೆಯ ಉಷ್ಣತೆ ಚರ್ಮದ ಉಷ್ಣತೆಗೆ, ಎಂದರೆ ಸುಮಾರು 35 ಡಿಗ್ರಿಗೆ, ಸಮನಾದರೆ ಈ ಶಾಖ ಗಾಳಿಗೆ ತಾನಾಗಿ ಹರಿದುಹೋಗಲಾರದು. ನೀರು ಆವಿಯಾಗುವುದರಿಂದಲೇ ಹೊರಹೋಗಬೇಕು. ಒಂದು ಲೀಟರು ನೀರು ಆವಿಯಾಗುವಾಗ ಒಯ್ಯುವ ಶಾಖ ಸುಮಾರು 24 ಲಕ್ಷ ಜೌಲು. ಭಾಗಿಸಿ ನೋಡಿ: ಗಂಟೆಗೆ 120 ಮಿಲಿಲೀಟರು ನೀರು ಬೇಕಾಗುತ್ತದೆ, ಎಂಟು ಗಂಟೆಗೆ ಸುಮಾರು ಒಂದು ಲೀಟರು. ಮೂತ್ರಪಿಂಡಗಳು ಕಲ್ಮಷವನ್ನು ಹೊರಹಾಕಲು ಕನಿಷ್ಠಪಕ್ಷ ಅರ್ಧ ಲೀಟರು. ಒಟ್ಟು ಖರ್ಚು ಎರಡು ಲೀಟರನ್ನು ಮೀರಿತು. ಮೂರು ಲೋಟವೆಂದರೆ ಆರುನೂರು ಮಿಲಿಲೀಟರು. ಊಟದಿಂದ ಒಂದಿಷ್ಟು ನೀರು ಸೇರುವುದು ನಿಜವಾದರೂ, ರೊಟ್ಟಿ ಪಲ್ಯದ ಪಥ್ಯ ಈ ಕೊರತೆಯನ್ನು ತುಂಬಲಾರದು.

ಈ ಕೊರತೆಯನ್ನು ಯಾರು ತೆರುತ್ತಾರೆ? ತಾಯಿಯ ರಕ್ತ ತೆರುತ್ತದೆ. ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವವಾಗದಿರಲೆಂದು ಪ್ರಕೃತಿ ಆ ಕಾಲದಲ್ಲಿ ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿರುತ್ತದೆ. ಹೆರಿಗೆಯ ನಂತರ ಆರು ವಾರಗಳವರೆಗೆ ಈ ಅಪಾಯ ವಿಶೇಷವಾಗಿರುತ್ತದೆ. ನೀರಿಲ್ಲದೆ ರಕ್ತ ಮತ್ತಷ್ಟು ಗಟ್ಟಿಯಾದರೆ ಕಾಲಿನ ಅಭಿಧಮನಿಯಲ್ಲೋ ಮೆದುಳಿನ ಅಭಿಧಮನಿಯಲ್ಲೋ ಹೆಪ್ಪುಗಟ್ಟುವ ಸಂಭವ ಹೆಚ್ಚು. ಬಾಣಂತಿಯರಲ್ಲಿ ಕಂಡುಬರುವ ಈ ಮೆದುಳಿನ ಹೆಪ್ಪುಗಟ್ಟುವಿಕೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬಹುಕಾಲ ಅಧ್ಯಯನ ಮಾಡಿದ್ದಾರೆ. ನೀರಿನ ಪಥ್ಯವೂ ಅದಕ್ಕೆ ಒಂದು ಕಾರಣವಾಗಬಲ್ಲದೆಂದು ವೈದ್ಯರು ಎಚ್ಚರಿಸುತ್ತಾರೆ. ತಡೆಯಲಾರದ ತಲೆನೋವು, ಸೆಳವು, ಒಂದು ಪಕ್ಕ ಸ್ವಾಧೀನ ತಪ್ಪುವುದು ಇದರ ಲಕ್ಷಣಗಳು. ಇದನ್ನು ‘ಬಾಣಂತಿ ಸನ್ನಿ’ಯೆಂದು ಬಗೆದು ದೃಷ್ಟಿ ತೆಗೆಯುತ್ತ ಕುಳಿತರೆ ಪ್ರಾಣಕ್ಕೇ ಎರವಾದೀತು. ಹಾಗೆಯೇ ಒಂದೇ ಕಾಲು ಊದಿ ನೋಯುತ್ತಿದ್ದರೆ ಅದನ್ನು ಎಣ್ಣೆ ಹಚ್ಚಿ ತಿಕ್ಕಲೇಕೂಡದು; ತಿಕ್ಕಿದಾಗ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಸೇರಬಹುದು. ಶಸ್ತ್ರಕ್ರಿಯೆಯಿಂದ ಹೆರಿಗೆಯಾದವರ ಹೊಟ್ಟೆಯನ್ನು ವೈದ್ಯರು ಒಪ್ಪುವ ತನಕ ನೀವಕೂಡದು.

ಇನ್ನು ಮುಚ್ಚಿದ ಕೋಣೆ ಮತ್ತು ಕೆಂಡ. ಸಾಲದಷ್ಟು ಗಾಳಿಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡು ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ರಕ್ತದ ಹೀಮೋಗ್ಲೋಬಿನ್ನನ್ನು ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಹಿಡಿದುಕೊಳ್ಳುತ್ತದೆ. ಹಿಂದಿನ ಹೆಂಚಿನ ಮನೆಗಳಲ್ಲಿ ಸಂದುಗೊಂದುಗಳಿಂದ ಗಾಳಿಯಾಡುತ್ತಿತ್ತು; ಇಂದಿನ ಸಿಮೆಂಟು ಕೋಣೆಯಲ್ಲಿ ಅದಕ್ಕೆ ದಾರಿಯೆಲ್ಲಿ? ಅದೂ ಅಲ್ಲದೆ, ಹೊರಗೆ 38 ಡಿಗ್ರಿಯ ಬಿಸಿಲಿರುವ ನಮ್ಮ ವೈಶಾಖದಲ್ಲಿ ಬಾಣಂತಿಗೆ ಕೆಂಡವೇಕೆ? ಚೀನಾದ ಪ್ರಸೂತಿ ವೈದ್ಯರು ‘ಬಾಣಂತಿಯ ಉಷ್ಣಾಘಾತ’ವೆಂಬ ಹೆಸರಿನ ರೋಗವನ್ನೇ ಗುರುತಿಸಿದ್ದಾರೆ, ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ದಪ್ಪ ಬಟ್ಟೆ ಹೊದಿಸಿ ತಿಂಗಳು ಕೂರಿಸಿದ್ದರ ಫಲ ಅದು. ನಮ್ಮ ಸಂಪ್ರದಾಯವಾದರೂ ಇದನ್ನು ಒಪ್ಪುವುದೆಂದು ತಿಳಿಯಬೇಡಿ. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯ ಋತುಚರ್ಯೆಗೇ ಮೀಸಲು. ಗ್ರೀಷ್ಮದಲ್ಲಿ ತಂಪಾದ, ದ್ರವರೂಪದ ಅನ್ನಪಾನಗಳು ಹಿತವೆಂದು ಅದು ವಿಧಿಸುತ್ತದೆ. ಋತುವಿಗೆ ತಕ್ಕಂತೆ ನಡೆ ಬದಲಾಗಬೇಕೆಂಬುದೇ ಹಳೆಯವರ ವಿವೇಕ. ಮಾರ್ಗಶಿರದ ಚಳಿಗೆ ಹೊಂದುವ ಉಪಚಾರವನ್ನು ವೈಶಾಖದಲ್ಲಿಯೂ ಕಣ್ಣುಮುಚ್ಚಿ ನಡೆಸುವುದು ಸಂಪ್ರದಾಯಕ್ಕೂ ಸಲ್ಲದು, ವಿಜ್ಞಾನಕ್ಕೂ ಸಲ್ಲದು.

ಹಳೆಯ ನಂಬಿಕೆಯ ಮಾತು ಇದಾಯಿತು; ಹೊಸ ನಂಬಿಕೆಗಳೂ ಹುಟ್ಟಿಕೊಂಡಿವೆ. ‘ಹಾರ್ಮೋನುಗಳ ಸಮತೋಲನ’ಕ್ಕೆಂದು ಎಣ್ಣೆಯ ಸೀಸೆಗಳೂ, ಅಂಗಾಲಿನ ಬಿಂದುಗಳನ್ನು ಒತ್ತುವ ಮುಳ್ಳು ಚಪ್ಪಲಿಗಳೂ ಈಗ ಪೇಟೆಯಲ್ಲಿ ಮಾರಾಟಕ್ಕಿವೆ. ಮಾರುವವರನ್ನು ನೀವು ಒಂದೇ ಪ್ರಶ್ನೆ ಕೇಳಿ: ಯಾವ ಹಾರ್ಮೋನು, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಅಳೆದವರು ಯಾರು? ಅಂಗಮರ್ದನದಿಂದ ಆತಂಕವೂ ನೋವೂ ತಗ್ಗುವುದಕ್ಕೆ ಆಧಾರವುಂಟು. ಆದರೆ ಅದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಇಳಿಸುತ್ತದೆಂಬ ಪ್ರಸಿದ್ಧ ಮಾತನ್ನು, ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಆ ಇಳಿತ ತೀರ ಅಲ್ಪವೆಂದು ಕಂಡುಬಂದಿತು. ಎಣ್ಣೆಯ ಸ್ನಾನ ಹಿತವಾಗಿದೆಯೆಂದು ಮಾಡಿಸಿಕೊಳ್ಳಿ. ಹಿತವೇ ಸಾಕಾದ ಕಾರಣ. ಅದಕ್ಕೆ ವಿಜ್ಞಾನದ ಸುಳ್ಳು ಮುದ್ರೆಯ ಅಗತ್ಯವಿಲ್ಲ.

ನಿಜವಾದ ಅನ್ಯಾಯ ಬೇರೆ ಕಡೆಯಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳಿಗೂ, ಭತ್ತದ ಗದ್ದೆಯಲ್ಲಿ ನಾಟಿಮಾಡುವ ಕೂಲಿಯವಳಿಗೂ ಬಾಣಂತನದ ಪಥ್ಯವೆಲ್ಲ ಸಿಕ್ಕುತ್ತದೆ, ವಿಶ್ರಾಂತಿ ಮಾತ್ರ ಸಿಕ್ಕುವುದಿಲ್ಲ. ಹಣವಿಲ್ಲದೆಯೂ ಪಾಲಿಸಬಹುದಾದದ್ದು ನಿಷೇಧವೊಂದೇ; ಆರೈಕೆಗೆ ಜನ ಬೇಕು, ಬಿಡುವು ಬೇಕು, ಕೂಲಿ ತಪ್ಪಿದರೂ ಒಲೆ ಉರಿಯಬೇಕು. ಕಾಯಿಯನ್ನು ಬಿಟ್ಟು ಸಿಪ್ಪೆಯನ್ನು ತಿಂದಂತಾಯಿತು. ಯಾವ ತಾಯಿಗೂ ಆರು ವಾರಗಳ ಬಿಡುವು ತಪ್ಪದಂತೆ ನೋಡಿಕೊಳ್ಳುವುದೇ ನಾವು ಉಳಿಸಿಕೊಳ್ಳಬೇಕಾದ ಸಂಪ್ರದಾಯವೆಂದು ನನ್ನ ಅಭಿಪ್ರಾಯ.

ತಂಗಿಯ ಎರಡನೆಯ ಬಾಣಂತನದ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ಒಂದು ಸಂಜೆ ಅವ್ವನ ಮುಂದೆ ಲೋಟ, ತಂಬಿಗೆಗಳನ್ನಿಟ್ಟುಕೊಂಡು ಹಾಲಿನ ಲೆಕ್ಕ, ಬೆವರಿನ ಲೆಕ್ಕಗಳನ್ನು ಹೇಳಿದೆ. ಜೌಲಿನ ಮಾತು ಆಕೆಗೆ ರುಚಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕರೆಯೋ ಎಮ್ಮಿಗೆ ಬಕೀಟುಗಟ್ಟಲೆ ನೀರು ಕುಡಸ್ತೀವಿ, ಮಗಳಿಗೆ ಮಾತ್ರ ಯಾಕ ಬ್ಯಾಡ ಅಂತೀವೋ” ಎಂದು ತಾನೇ ಎದ್ದುಹೋಗಿ, ಕಾಯಿಸಿ ಆರಿಸಿದ ನೀರಿನ ತಂಬಿಗೆಯನ್ನು ಹೊರಸಿನ ಪಕ್ಕದಲ್ಲಿಟ್ಟಳು. ಎಣ್ಣೆ, ಬಿಸಿನೀರು, ಅಂಟಿನುಂಡೆ ಯಾವುದೂ ನಿಲ್ಲಲಿಲ್ಲ; ಕೆಂಡದ ಬಾಂಡಲಿ ಹಿತ್ತಲಿಗೆ ಹೋಯಿತು, ಒಂದು ಕಿಟಕಿ ತೆರೆಯಿತು.

ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಯಲ್ಲಿಯೂ ಅಕ್ಕನೋ ಅತ್ತಿಗೆಯೋ ಬಾಣಂತಿಯಾಗಿ ಮಲಗಿರಬಹುದು. ಹಿರಿಯರನ್ನು ಹಳಿಯಬೇಡಿ, ಆದರೆ ನನ್ನಂತೆ ಕದ್ದು ನೀರು ಕೊಟ್ಟು ಸುಮ್ಮನಾಗಲೂ ಬೇಡಿ. ನೀವು ಕಲಿತ ಗುಪ್ತೋಷ್ಣದ ಪಾಠ ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಇರುವುದಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು, ಲೋಟವನ್ನು ಮುಂದಿಟ್ಟುಕೊಂಡು, ಲೆಕ್ಕವನ್ನು ಒಮ್ಮೆ ಮಾಡಿತೋರಿಸಿ.