ನದಿ ದಂಡೆಯಲ್ಲಿ ಸಿಕ್ಕ ತಲೆಬುರುಡೆ: ತರೋ ಮೊದಲು, ತಂದ ಮೇಲೆ

ಚಳಿಗಾಲದ ಮಳೆ ನಿಂತು ಗ್ರೀನ್ ನದಿಯ ನೀರು ಇಳಿದರೆ ಟಕ್ವಿಲಾದಲ್ಲಿ ನಮ್ಮವರ ಸಂಜೆ ವಾಕಿಂಗ್ ಶುರುವಾಗುತ್ತದೆ. ಫೋರ್ಟ್ ಡೆಂಟ್ ಪಾರ್ಕಿನ ಕಡೆ ನದಿ ಪಕ್ಕದ ದಾರಿಯಲ್ಲಿ ಮಕ್ಕಳು ಮುಂದೆ, ನಾವು ಹಿಂದೆ. ಈ ಸಲ ಮೂರು ಮನೆಯವರು ಒಂದೇ ಪ್ರಶ್ನೆ ಕೇಳಿದ್ದಾರೆ: ದಡದಲ್ಲಿ ಯಾವುದೋ ಪ್ರಾಣಿಯ ತಲೆಬುರುಡೆ ಕಂಡಿದೆ, ಮಗು ಬಿಡ್ತಾ ಇಲ್ಲ, ಮನೆಗೆ ತರಬಹುದಾ? ತಂದರೆ ಕ್ಲೀನ್ ಮಾಡೋದು ಹೇಗೆ?

ಊರಲ್ಲಾಗಿದ್ದರೆ "ಮೂಳೆ ಮುಟ್ಟಿದ್ಯಾ, ಮೊದಲು ಸ್ನಾನ ಮಾಡು" ಅಂತ ಅಜ್ಜಿ ಬಚ್ಚಲಿಗೆ ಅಟ್ಟುತ್ತಿದ್ದರು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಮಗುವಿನ ಕುತೂಹಲವನ್ನು ಹಾಗೆ ಅಟ್ಟಿಬಿಡೋಕೆ ನಮಗೆ ಮನಸ್ಸಿಲ್ಲ. ಆದರೆ ಒಂದು ಕ್ರಮ ಇರಲಿ. ಮೊದಲು ಅದು ಯಾವ ಪ್ರಾಣಿ ಅನ್ನೋದು, ಆಮೇಲೆ ಕಾನೂನು, ಕೊನೆಗೆ ಬಕೆಟ್ಟು.

ಗುರುತು ಹಿಡಿಯೋದು ಅಷ್ಟು ಕಷ್ಟವಲ್ಲ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲದಿದ್ದರೆ ಅದು ಜಿಂಕೆಯಿರಬಹುದು. ನಮ್ಮೂರ ಕುರಿ ಮೇಕೆಗೂ ಹಾಗೇ. ಮುಂದಿನ ಹಲ್ಲು ಉಳಿಯ ಹಾಗೆ ಉದ್ದ, ಬಣ್ಣ ಕಿತ್ತಳೆಯಾಗಿದ್ದರೆ ಬೀವರ್ ಇರಬಹುದು. ಹಲ್ಲಿನ ಹೊರಪದರದಲ್ಲಿರುವ ಕಬ್ಬಿಣದಿಂದ ಆ ಬಣ್ಣ. ನಾಯಿಯದೇ ತಲೆ, ಆದರೆ ಮೂತಿ ಸಪೂರ ಅನ್ನಿಸಿದರೆ ಕೈಯೋಟಿ. ನೆತ್ತಿಯ ಮೇಲೆ ಬಾಳೆಎಲೆಯ ನಡುದಿಂಡಿನಂತೆ ಎದ್ದ ಗೆರೆ, ಬಾಯಿತುಂಬ 50 ಹಲ್ಲು ಇದ್ದರೆ ಪೊಸಮ್. ಮನುಷ್ಯರದ್ದಿರಬಹುದು ಅಂತ ಸ್ವಲ್ಪ ಅನುಮಾನ ಬಂದರೂ ಮುಟ್ಟಬೇಡಿ, ಅಲ್ಲೇ ನಿಂತು ಪೊಲೀಸರಿಗೆ ಫೋನ್ ಮಾಡಿ. ಇದು ದುವಾಮಿಶ್ ಜನರ ಪೂರ್ವಿಕರ ನೆಲ ಅನ್ನೋದೂ ನೆನಪಿರಲಿ.

ಈಗ ಕಾನೂನು. ಹಕ್ಕಿಯ ತಲೆಯಾಗಿದ್ದರೆ ಅಲ್ಲೇ ಬಿಡಿ. 1918ರ ವಲಸೆ ಹಕ್ಕಿ ಕಾಯ್ದೆ ಕಾಗೆ, ಕಡಲಹಕ್ಕಿ, ಕೊಕ್ಕರೆ ಎಲ್ಲವನ್ನೂ ಕಾಯುತ್ತದೆ. ಬಿದ್ದ ಗರಿ ಎತ್ತಿಟ್ಟುಕೊಳ್ಳೋದೂ ತಪ್ಪೇ. ಹದ್ದಿಗೆ 1940ರಿಂದ ಬೇರೆಯದೇ ಕಾಯ್ದೆ ಇದೆ. ಸಮುದ್ರ ತೀರದಲ್ಲಿ ಸೀಲ್, ಸೀ ಲಯನ್ ತಲೆ ಕಂಡರೆ ಅದಕ್ಕೆ 1972ರ ಕಾಯ್ದೆ. ವೀಕೆಂಡಿಗೆ ಮೌಂಟ್ ರೇನಿಯರ್, ಒಲಿಂಪಿಕ್ ಕಡೆ ಹೋದಾಗಲಂತೂ ಒಂದು ಕೊಂಬಿನ ಚೂರನ್ನೂ ತರಬೇಡಿ, ನ್ಯಾಷನಲ್ ಪಾರ್ಕಿನಿಂದ ಮೂಳೆ ತರುವಂತಿಲ್ಲ. ಉಳಿದ ಪ್ರಾಣಿಗಳಿಗೆ ರಾಜ್ಯದ ನಿಯಮ. ರಸ್ತೆಯಲ್ಲಿ ಗಾಡಿಗೆ ಸಿಕ್ಕು ಸತ್ತ ಜಿಂಕೆಯನ್ನು ಒಯ್ಯೋದಕ್ಕೆ 2016ರಿಂದ ಅವಕಾಶ ಇದೆ, ಆದರೆ 24 ಗಂಟೆಯೊಳಗೆ ಪರ್ಮಿಟ್ ಪಡೀಬೇಕು, ತಲೆ ಮಾತ್ರ ಕತ್ತರಿಸಿಕೊಂಡು ಬರುವಂತಿಲ್ಲ. ರಕೂನ್, ಕೈಯೋಟಿ, ಬೀವರ್ ಯಾವುದೇ ಆಗಲಿ, ಎತ್ತೋ ಮೊದಲು ಫೋಟೊ ತೆಗೆದು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಗೆ ಕಳಿಸಿ, ಇಟ್ಟುಕೊಳ್ಳಬಹುದಾ ಅಂತ ಕೇಳಿ. ಉತ್ತರ ಬರೋವರೆಗೆ ಬುರುಡೆ ಇದ್ದಲ್ಲೇ ಇರಲಿ.

ಒಂದು ಬುರುಡೆಗೆ ಇಷ್ಟೊಂದು ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಬಹಳ ಮಂದಿ ವೀಸಾ ಮೇಲಿದ್ದೇವೆ. ಸ್ಟಾಂಪಿಂಗ್ ಫಾರ್ಮಿನಲ್ಲಿ "ಎಂದಾದರೂ ಬಂಧನವಾಗಿದೆಯೇ" ಅನ್ನೋ ಪ್ರಶ್ನೆಗೆ "ಇಲ್ಲ" ಅಂತ ಬರೆಯೋ ನೆಮ್ಮದಿ ಯಾವ ಬುರುಡೆಗಿಂತಲೂ ದೊಡ್ಡದು.

ಅನುಮತಿ ಸಿಕ್ಕಿತು ಅನ್ನೋಣ. ಒಣಗಿ, ಮಾಂಸ ಪೂರ್ತಿ ಹೋಗಿರೋ ಬುರುಡೆಯಾದರೆ ಮಾತ್ರ ಅಪಾರ್ಟ್‌ಮೆಂಟಿಗೆ ತನ್ನಿ. ಮಾಂಸ ಅಂಟಿರೋದನ್ನು ನೀರಲ್ಲಿ ಕೊಳೆಸಬೇಕು, ಅದಕ್ಕೆ ವಾರಗಟ್ಟಲೆ ಬೇಕು, ಚಳಿಯಲ್ಲಿ ಇನ್ನೂ ನಿಧಾನ. ಆ ವಾಸನೆಗೆ ಪಕ್ಕದ ಮನೆಯವರು ಮ್ಯಾನೇಜರ್‌ಗೆ ಹೇಳದೆ ಬಿಡೋದಿಲ್ಲ. ಮ್ಯೂಸಿಯಮ್ಮುಗಳಲ್ಲಿ ಮಾಂಸ ತಿನ್ನೋ ದುಂಬಿಗಳನ್ನು ಸಾಕಿ ಈ ಕೆಲಸ ಮಾಡಿಸುತ್ತಾರೆ. ಅವನ್ನು ಮನೆಗೆ ತರಿಸಿಕೊಳ್ಳೋ ಯೋಚನೆ ಬೇಡ. ತಪ್ಪಿಸಿಕೊಂಡರೆ ಬೀರುವಿನ ರೇಷ್ಮೆ ಸೀರೆಗೇ ಬರುತ್ತವೆ.

ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ. ಅಡುಗೆಮನೆ ಸಿಂಕ್ ಬೇಡ, ಅಡುಗೆ ಪಾತ್ರೆಯೂ ಬೇಡ, ಬೇರೆ ಪ್ಲಾಸ್ಟಿಕ್ ಬಕೆಟ್ ಇರಲಿ. ರಕೂನಿನ ಹಿಕ್ಕೆಯಲ್ಲಿ ಮನುಷ್ಯರಿಗೆ ಅಪಾಯ ಮಾಡೋ ಹುಳುವಿನ ಮೊಟ್ಟೆ ಇರಬಹುದು, ಅದಕ್ಕೇ ಮಣ್ಣನ್ನು ಹೊರಗೇ ತೊಳೆಯಿರಿ. ಸತ್ತ ಬಾವಲಿಯನ್ನಂತೂ ಯಾವ ಕಾರಣಕ್ಕೂ ಬರಿಗೈಲಿ ಮುಟ್ಟಬೇಡಿ, ಈ ರಾಜ್ಯದಲ್ಲಿ ರೇಬೀಸ್ ಇರೋದು ಬಾವಲಿಗಳಲ್ಲಿ.

ಬುರುಡೆಯನ್ನು ಕುದಿಸಬೇಡಿ. ಕುದಿಸಿದರೆ ಕೊಬ್ಬು ಮೂಳೆಯೊಳಗೆ ಇಳಿಯುತ್ತದೆ, ಮೂಗಿನೊಳಗಿನ ತೆಳು ಮೂಳೆ ಪುಡಿಯಾಗುತ್ತದೆ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಸೋಪು ಹಾಕಿ ಮುಳುಗಿಸಿಡಿ. ನೀರು ಕಲಗಚ್ಚಿನ ಹಾಗಾದರೆ ಬದಲಾಯಿಸಿ. ಹಳದಿ ಕಲೆ ಹೋಗೋವರೆಗೆ ಹೀಗೇ ಮಾಡಿ. ರಕೂನ್, ಪೊಸಮ್ ಆದರೆ ವಾರಗಳೇ ಹಿಡಿಯಬಹುದು. ನೀರು ಚೆಲ್ಲುವಾಗ ಬಟ್ಟೆಯಲ್ಲಿ ಸೋಸಿ, ಉದುರಿದ ಹಲ್ಲು ಅದರಲ್ಲೇ ಇರುತ್ತದೆ. ಕೊಬ್ಬು ಹೋದ ಮೇಲೆ ಮೆಡಿಕಲ್ ಶಾಪಿನ ಕಂದು ಬಾಟಲಿಯ 3% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಒಂದೆರಡು ದಿನ ಇಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಗ್ಯಾಸ್ ಬರುತ್ತದೆ. ಬಟ್ಟೆಗೆ ಹಾಕೋ ಬ್ಲೀಚ್ ಬೇಡವೇ ಬೇಡ, ಮೂಳೆ ವರ್ಷಗಟ್ಟಲೆ ಸುಣ್ಣದ ಹಾಗೆ ಉದುರುತ್ತಾ ಹೋಗುತ್ತದೆ. ನೆರಳಲ್ಲಿ ಒಣಗಿಸಿ, ಹಲ್ಲುಗಳನ್ನು ಬಿಳಿ ಗೋಂದಿನಿಂದ ಕೂರಿಸಿ. ಎಲ್ಲಿ ಸಿಕ್ಕಿತು, ಯಾವ ದಿನ ಅಂತ ಮಗುವಿನ ಕೈಲೇ ಚೀಟಿ ಬರೆಸಿ ಜೊತೆಗಿಡಿ. ಮ್ಯೂಸಿಯಮ್ಮಿನಲ್ಲಿ ಬುರುಡೆಗಿರುವಷ್ಟೇ ಬೆಲೆ ಆ ಚೀಟಿಗೂ ಇದೆ.

ಅನುಮತಿ ಸಿಗದಿದ್ದರೆ ಮಗುವಿಗೆ ಬೇಜಾರಾಗೋದು ಬೇಡ. ಹಲಾಲ್ ಮಾಂಸದಂಗಡಿಯಲ್ಲಿ ಮೇಕೆ ತಲೆ ಕೇಳಿ ನೋಡಿ. "ಹೋಳು ಮಾಡಬೇಡಿ" ಅಂತ ಮೊದಲೇ ಹೇಳಿ. ತಲೆಮಾಂಸದ ಸಾರು ಮಾಡಿಬಿಟ್ಟು ಆಮೇಲೆ ಬುರುಡೆ ಚೆನ್ನಾಗಿ ಬರಲಿಲ್ಲ ಅನ್ನಬೇಡಿ, ಎರಡರಲ್ಲಿ ಒಂದು. ಮಾಂಸ ಇರೋದರಿಂದ ಇದನ್ನು ಹಿತ್ತಲಿರೋ ಸ್ನೇಹಿತರ ಮನೆಯಲ್ಲಿ, ಮುಚ್ಚಳದ ಬಕೆಟ್ಟಿನಲ್ಲಿ, ಬೇಸಿಗೆಯಲ್ಲಿ ಮಾಡಿ. ಜಿಂಕೆಯ ತಲೆಯಿಂದ ಕಲಿಯೋದನ್ನೆಲ್ಲ ಇದರಲ್ಲೂ ಕಲಿಯಬಹುದು.

ಇನ್ನೊಂದು ಮಾತು. ತಯಾರಾದ ಬುರುಡೆಯನ್ನು ತಾತನಿಗೆ ತೋರಿಸೋಕೆ ಅಂತ ಸೂಟ್‌ಕೇಸಿನಲ್ಲಿ ಹಾಕಬೇಡಿ. ಗಡಿ ದಾಟಿಸೋದಕ್ಕೆ ಎರಡೂ ದೇಶದ ನಿಯಮ ಇವೆ. ನಮ್ಮೂರಲ್ಲೂ ಕಾಲ ಬದಲಾಗಿದೆ. ಹುಲಿ ಚಿರತೆ ತಲೆಗಳನ್ನು ಹದ ಮಾಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ 1999ರಲ್ಲೇ ಮುಚ್ಚಿತು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪೆಂಡೆಂಟ್ ಹಾಕಿದ್ದಕ್ಕೆ ಬಿಗ್ ಬಾಸ್ ಸ್ಪರ್ಧಿಯೊಬ್ಬರನ್ನು ಅರಣ್ಯ ಇಲಾಖೆ ಬಂಧಿಸಿದ್ದು ನಾವೆಲ್ಲ ನೋಡಿದ್ದೇವೆ. ಆಮೇಲೆ ಮನೆಯಲ್ಲಿರೋ ಇಂಥ ವಸ್ತುಗಳನ್ನು ಒಪ್ಪಿಸೋಕೆ ಸರ್ಕಾರ 2024ರ ಆರಂಭದಲ್ಲಿ ಅವಕಾಶವನ್ನೂ ಕೊಟ್ಟಿತ್ತು. ಊರಿನ ಮನೆ ಗೋಡೆಯ ಮೇಲೆ ಇನ್ನೂ ಜಿಂಕೆ ಕೊಂಬು ನೇತಾಡುತ್ತಿದ್ದರೆ ಈ ಭಾನುವಾರದ ಫೋನಿನಲ್ಲಿ ಅದರ ವಿಷಯ ಕೇಳಿ, ಕಾಗದಪತ್ರ ಇದೆಯಾ ವಿಚಾರಿಸಿ.

ತಾತನಿಗೆ ವಿಡಿಯೊ ಕಾಲಿನಲ್ಲಿ ತೋರಿಸಿದರೆ ಸಾಕು. ಬುರುಡೆ ಕಂಡವರು ಫೋಟೊ, ಇಲಾಖೆಯಿಂದ ಬಂದ ಉತ್ತರ ಎರಡನ್ನೂ ನಮಗೆ ಕಳಿಸಿ, ಮುಂದಿನ ತಿಂಗಳು ಉಳಿದವರಿಗೂ ಅನುಕೂಲವಾಗುತ್ತದೆ.