ಮದ್ರಸದ ದಾರಿಯಲ್ಲಿ ನಾಯಿ ಹಿಂಡು: ಮಕ್ಕಳ ಸುರಕ್ಷತೆ ಯಾರ ಹೊಣೆ?

2022ರ ಸೆಪ್ಟೆಂಬರ್‌ನಲ್ಲಿ ಕಾಸರಗೋಡು ಜಿಲ್ಲೆಯ ಬೇಕಲದ ಒಂದು ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು. ಮುಂದೆ ಏರ್ ಗನ್ ಹಿಡಿದು ನಡೆಯುವ ಒಬ್ಬ ತಂದೆ, ಹಿಂದೆ ಮದ್ರಸಕ್ಕೆ ಹೊರಟ ಮಕ್ಕಳ ಸಾಲು. ನಾಯಿ ಮೈಮೇಲೆ ಬಂದರೆ ಗುಂಡು ಹೊಡೆಯುವುದೇ ಅಂತ ಆತ ಹೇಳಿದ್ದ. ಕೆಲವರು ಶಹಬ್ಬಾಸ್ ಅಂದರು, ಕೆಲವರು ನಕ್ಕು ಫಾರ್ವರ್ಡ್ ಮಾಡಿದರು. ಪೊಲೀಸರು ಗಲಭೆಗೆ ಪ್ರಚೋದನೆ ಎಂಬ ಕಲಂ ಹಾಕಿ ಅವನ ಮೇಲೆಯೇ ಕೇಸು ದಾಖಲಿಸಿದರು.

ಮರು ವರ್ಷ ಜೂನ್ 11ರಂದು ಪಕ್ಕದ ಕಣ್ಣೂರು ಜಿಲ್ಲೆಯ ಮುಳಪ್ಪಿಲಂಗಾಡ್‌ನಲ್ಲಿ 11 ವರ್ಷದ ಬಾಲಕನೊಬ್ಬನನ್ನು ಬೀದಿ ನಾಯಿಗಳು ಕಚ್ಚಿ ಕೊಂದವು. ಆಟಿಸಂ ಇದ್ದ ಆ ಮಗುವಿಗೆ ಮಾತು ಬರುತ್ತಿರಲಿಲ್ಲ. ಬೊಬ್ಬೆ ಹೊಡೆದು ಯಾರನ್ನೂ ಕರೆಯಲೂ ಆಗಲಿಲ್ಲ. ಆ ಸುದ್ದಿಯ ನಂತರ ಬೇಕಲದ ವಿಡಿಯೋ ನೋಡಿ ನಕ್ಕವರಿಗೂ ಆ ತಂದೆಯ ಹೆದರಿಕೆ ಅರ್ಥವಾಗಿರಬೇಕು.

ಈ ಹೆದರಿಕೆ ಸುಳ್ಳಲ್ಲ. ಆದರೆ ಬಂದೂಕಿನಿಂದ ಮಕ್ಕಳ ದಾರಿ ಸರಿಯಾಗುವುದೂ ಇಲ್ಲ. ಹಾಗಾದರೆ ಇದನ್ನು ಸರಿಪಡಿಸಬೇಕಾದವರು ಯಾರು?

ಕಾನೂನು ಏನು ಹೇಳುತ್ತದೆ?

ಬೀದಿ ನಾಯಿಗಳನ್ನು ವಿಷ ಹಾಕಿ, ಹೊಡೆದು ಕೊಲ್ಲುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು ಆಗಬಹುದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ, ಅಂದರೆ ಜನ ‘ಎಬಿಸಿ’ ಅಂತ ಕರೆಯುವ ನಿಯಮ, ಈ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದೆ. ಪಂಚಾಯತ್ ಅಥವಾ ನಗರಸಭೆ ನಾಯಿಗಳನ್ನು ಹಿಡಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕು.

2025ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕೆಲವು ಮುಖ್ಯ ಮಾತು ಸೇರಿಸಿತು. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ದಿಲ್ಲಿ ಸುತ್ತಲಿನ ಎಲ್ಲ ಬೀದಿ ನಾಯಿಗಳನ್ನು ಆಶ್ರಯ ಕೇಂದ್ರಕ್ಕೆ ಸಾಗಿಸಲು ಆದೇಶಿಸಿತ್ತು. ಆಗಸ್ಟ್ 22ರಂದು ಮೂವರ ಪೀಠ ಅದನ್ನು ಬದಲಿಸಿತು. ಲಸಿಕೆ ಹಾಕಿ ಅಲ್ಲೇ ಬಿಡಬಹುದು, ಆದರೆ ರೇಬಿಸ್ ತಗುಲಿದ ಅಥವಾ ಮೈಮೇಲೆ ಬೀಳುವ ನಾಯಿಗಳನ್ನು ಬಿಡುವ ಹಾಗಿಲ್ಲ. ಬೀದಿಯಲ್ಲಿ ಎಲ್ಲೆಂದರಲ್ಲಿ ಅನ್ನ ಹಾಕುವ ಹಾಗಿಲ್ಲ, ಅದಕ್ಕೆ ಪ್ರತ್ಯೇಕ ಜಾಗ ಗುರುತಿಸಬೇಕು. ನವೆಂಬರ್ 7ರ ಆದೇಶ ಇನ್ನೂ ಮುಂದೆ ಹೋಯಿತು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆದು ಆಶ್ರಯ ಕೇಂದ್ರಕ್ಕೆ ಸೇರಿಸಬೇಕು, ಮತ್ತೆ ಅಲ್ಲೇ ತಂದು ಬಿಡಬಾರದು.

ಅಂದರೆ ಶಾಲೆಯ ಅಂಗಳದಲ್ಲಿ ನಾಯಿ ಹಿಂಡು ಇದ್ದರೆ ‘ನಮ್ಮ ಕೈಯಲ್ಲಿ ಏನೂ ಇಲ್ಲ’ ಎನ್ನಲು ಪಂಚಾಯತ್‌ಗೆ ಇನ್ನು ದಾರಿಯಿಲ್ಲ. ಆದರೆ ಮನೆಯಿಂದ ಶಾಲೆಗೆ, ಮದ್ರಸಕ್ಕೆ ಹೋಗುವ ಓಣಿಯ ಪ್ರಶ್ನೆ ಹಾಗೇ ಉಳಿಯುತ್ತದೆ.

ನಾಯಿ ಹೆಚ್ಚಲು ಕಾರಣ

ಕೇರಳದಲ್ಲಿ ಕುಟುಂಬಶ್ರೀ ಘಟಕಗಳು ಮಾಡುತ್ತಿದ್ದ ಸಂತಾನಹರಣ ಕೆಲಸ 2021ರ ಕೊನೆಗೆ ನಿಂತಿತು. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇಲ್ಲ ಎಂಬುದು ಕಾರಣ. ಬದಲಿ ವ್ಯವಸ್ಥೆ ತಕ್ಷಣ ಬರಲಿಲ್ಲ. ಹೆಣ್ಣು ನಾಯಿ ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಹೀಗಿರುವಾಗ ಕೆಲಸ ಒಂದು ವರ್ಷ ನಿಂತರೂ ಹಿಂದೆ ಮಾಡಿದ್ದು ಕೈಬಿಟ್ಟು ಹೋಗುತ್ತದೆ. ಎಬಿಸಿ ಕೇಂದ್ರ ಕಟ್ಟಲು ಜಾಗ ನೋಡಿದರೆ ಅಲ್ಲಿಯ ಜನರೇ ‘ನಮ್ಮಲ್ಲಿ ಬೇಡ’ ಎನ್ನುವುದೂ ಇದೆ. ಕೇಂದ್ರ ಬೇಡ, ನಾಯಿಯೂ ಬೇಡ ಎಂದರೆ ಕೆಲಸ ನಡೆಯುವುದು ಹೇಗೆ?

ಎರಡನೆಯದು ಕಸ. ಹರಿತ ಕರ್ಮ ಸೇನೆಯವರು ಮನೆಗೆ ಬಂದು ಒಯ್ಯುವುದು ಪ್ಲಾಸ್ಟಿಕ್‌ನಂಥ ಒಣ ಕಸ. ಮೀನಿನ ತಲೆ, ಕೋಳಿ ಅಂಗಡಿಯ ತ್ಯಾಜ್ಯ, ಮದುವೆ ಮನೆಯಲ್ಲಿ ಉಳಿದ ಬಿರಿಯಾನಿ ಎಲ್ಲಿ ಹೋಗುತ್ತದೆ? ರಾತ್ರಿ ಸ್ಕೂಟರಿನಲ್ಲಿ ಬಂದು ತೋಡಿನ ಬದಿಗೆ ಚೀಲ ಎಸೆದು ಹೋಗುವವರು ಬೇರೆ ಊರಿನವರೇ ಆಗಬೇಕೆಂದಿಲ್ಲ. ಬೆಳಿಗ್ಗೆ ಆ ಚೀಲದ ಸುತ್ತ ಸೇರುವ ಹಿಂಡಿನ ಮುಂದೆಯೇ ಆರೂವರೆಗೆ ಮಕ್ಕಳು ಮದ್ರಸಕ್ಕೆ ನಡೆಯಬೇಕು.

ಮಕ್ಕಳ ಜೊತೆ ನಡೆಯುವಾಗ

ನಾಯಿ ಕಂಡ ಕೂಡಲೇ ಮಕ್ಕಳು ಮಾಡುವುದು ಎರಡೇ: ಓಡುವುದು, ಕಿರುಚುವುದು. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಗುಣ. ಹಾಗಾಗಿ ‘ಓಡಬೇಡ, ಮರದ ಹಾಗೆ ನಿಲ್ಲು’ ಎಂಬುದನ್ನು ಮನೆಯಲ್ಲಿ ಆಟದ ಹಾಗೆ ಕಲಿಸಬೇಕು. ಕೈ ಮೈಗೆ ಒತ್ತಿ, ನಾಯಿಯ ಕಣ್ಣು ದಿಟ್ಟಿಸದೆ, ಸುಮ್ಮನೆ ನಿಲ್ಲುವುದು. ಆಮೇಲೆ ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯುವುದು.

ದೊಡ್ಡವರು ಜೊತೆಗಿದ್ದರೆ ಮಗುವನ್ನು ತಮ್ಮ ಬೆನ್ನ ಹಿಂದೆ ತರಬೇಕು. ಎತ್ತಿಕೊಳ್ಳುವುದಾದರೆ ನಾಯಿ ದೂರ ಇರುವಾಗಲೇ ಎತ್ತಿಕೊಳ್ಳಬೇಕು. ಕೊಡೆ, ಶಾಲೆ ಬ್ಯಾಗು, ಸೈಕಲ್ ಯಾವುದಾದರೂ ಸರಿ, ನಾಯಿಗೂ ಮಗುವಿಗೂ ನಡುವೆ ಅಡ್ಡ ಹಿಡಿಯಬೇಕು. ಕಲ್ಲು ಹೆಕ್ಕುವ ಹಾಗೆ ಬಗ್ಗಿದರೆ ಒಂಟಿ ನಾಯಿ ಹಿಂದೆ ಸರಿಯುವುದುಂಟು. ಆದರೆ ಹಿಂಡು ಇದ್ದಾಗ ಕಲ್ಲು ಹೊಡೆಯಲು ಹೋದರೆ ಅಪಾಯವೇ ಹೆಚ್ಚು. ಮರಿ ಹಾಕಿದ ನಾಯಿ ಇರುವ ದಾರಿ ಬಿಟ್ಟು ಸುತ್ತು ಹಾಕಿ ಹೋಗುವುದೇ ಲೇಸು. ಮಗು ಬಿದ್ದೇ ಬಿಟ್ಟರೆ ಮುದುಡಿ ಮಲಗಿ, ಎರಡು ಕೈಯಿಂದ ಕುತ್ತಿಗೆ, ಕಿವಿ ಮುಚ್ಚಿಕೊಳ್ಳಬೇಕು ಅಂತ ಹೇಳಿಕೊಡಬೇಕು.

ಕಚ್ಚಿದರೆ ಮೊದಲ ಹದಿನೈದು ನಿಮಿಷ

ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿ ಪುಡಿ ಯಾವುದೂ ಹಚ್ಚಬಾರದು. ನಾಯಿ ಜೊಲ್ಲು ತಾಗಿದ ಜಾಗವನ್ನು ಏಳು ಬಾರಿ, ಅದರಲ್ಲಿ ಒಮ್ಮೆ ಮಣ್ಣು ಸೇರಿಸಿದ ನೀರಿನಿಂದ ತೊಳೆಯುವ ನಿಯಮ ಶಾಫಿಈ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ತೆರೆದ ಗಾಯಕ್ಕೆ ಮಾತ್ರ ಮಣ್ಣು ಮುಟ್ಟಿಸುವುದು ಅಪಾಯ. ಮೊದಲು ಸೋಪು, ನೀರು, ಆಸ್ಪತ್ರೆ. ಉಳಿದದ್ದನ್ನು ಉಸ್ತಾದರಲ್ಲಿ ಕೇಳಿಕೊಳ್ಳಬಹುದು. ‘ಬಟ್ಟೆ ನಜಸ್ ಮಾಡಿಕೊಂಡು ಬಂದೆ’ ಅಂತ ಉಮ್ಮ ಬೈತಾರೆ ಎಂದು ಹೆದರಿ ಮಗು ಕಚ್ಚಿದ್ದನ್ನೇ ಮುಚ್ಚಿಟ್ಟರೆ ಜೀವಕ್ಕೇ ಕುತ್ತು. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ.

ಲಸಿಕೆ ಕಚ್ಚಿದ ದಿನ, ನಂತರ 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ಅದು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವುದಿಲ್ಲ. ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಅಂತ ಮೊದಲೇ ತಿಳಿದಿಟ್ಟುಕೊಳ್ಳಬೇಕು. ಸಾಕು ನಾಯಿ, ಸಣ್ಣ ಮರಿ, ಬೆಕ್ಕು ಪರಚಿದರೂ ಇದೇ ಕ್ರಮ.

2022ರಲ್ಲಿ ಪತ್ತನಂತಿಟ್ಟದ 12 ವರ್ಷದ ಬಾಲಕಿ ಮೂರು ಡೋಸ್ ಲಸಿಕೆ ಪಡೆದೂ ತೀರಿಕೊಂಡಳು. ಅದನ್ನು ಹಿಡಿದು ‘ಲಸಿಕೆಯಿಂದ ಪ್ರಯೋಜನ ಇಲ್ಲ’ ಎನ್ನುವವರಿದ್ದಾರೆ. ಆಕೆಗೆ ಕಚ್ಚಿದ್ದು ಮುಖಕ್ಕೆ, ಕಣ್ಣಿನ ಹತ್ತಿರ. ತಲೆ, ಮುಖದ ಗಾಯದಿಂದ ವೈರಸ್ ಮಿದುಳಿಗೆ ಬೇಗ ತಲುಪುತ್ತದೆ. ಮಕ್ಕಳ ಎತ್ತರ ನಾಯಿಯ ಬಾಯಿಗೆ ಸಮನಾಗಿರುವುದರಿಂದ ಅವರಿಗೆ ಅಲ್ಲೇ ಕಚ್ಚುವ ಸಾಧ್ಯತೆ ಹೆಚ್ಚು. ಹಾಗಾಗಿ ಮಕ್ಕಳ ವಿಷಯದಲ್ಲಿ ಒಂದು ಗಂಟೆಯೂ ತಡ ಮಾಡಬಾರದು ಎಂಬುದೇ ಆ ಸಾವಿನ ಪಾಠ.

ಜಮಾಅತ್, ಯುವಕರು ಮಾಡಬಹುದಾದದ್ದು

ಕೇರಳದಲ್ಲಿ 2025ರ ಡಿಸೆಂಬರ್‌ನಲ್ಲಿ ಸ್ಥಳೀಯ ಚುನಾವಣೆ ಮುಗಿದು ಹೊಸ ಆಡಳಿತ ಬಂದಿದೆ. ಓಟು ಕೇಳಲು ಮನೆಗೆ ಬಂದವರ ಬಳಿಗೆ ಈಗ ಜನರೇ ಹೋಗುವ ಹೊತ್ತು. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ನೇರ: ಈ ವರ್ಷ ಎಬಿಸಿಗೆ ಎಷ್ಟು ಹಣ ಇಟ್ಟಿದ್ದೀರಿ? ನಮ್ಮ ವಾರ್ಡಿನಲ್ಲಿ ಎಷ್ಟು ನಾಯಿಗೆ ಲಸಿಕೆ ಆಯಿತು? ಬಾಯಿಮಾತಿನ ಉತ್ತರ ಸಾಲದು, ಲಿಖಿತದಲ್ಲಿ ಬೇಕು. ಒಂದು ಪ್ರದೇಶದ ನೂರರಲ್ಲಿ 70 ನಾಯಿಗಳಿಗೆ ಲಸಿಕೆ ಆದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಕಚ್ಚಿಸಿಕೊಂಡವರು ಆಸ್ಪತ್ರೆಯ ಚೀಟಿ, ಬಿಲ್ಲು ಜೋಪಾನ ಮಾಡಬೇಕು. ಕೇರಳದ ಸಂತ್ರಸ್ತರಿಗೆ ಪರಿಹಾರ ನಿಗದಿ ಮಾಡಲು 2016ರಲ್ಲೇ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸಿರಿಜಗನ್ ಸಮಿತಿ ನೇಮಿಸಿತ್ತು. ಪರಿಹಾರ ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಇನ್ನು ಕೆಲವು ಕೆಲಸಕ್ಕೆ ಸರಕಾರ ಬೇಕಿಲ್ಲ. ಮಕ್ಕಳು ಒಬ್ಬೊಬ್ಬರೇ ಹೋಗದೆ ಗುಂಪಾಗಿ ಹೋಗಲಿ, ಪ್ರತಿ ಗುಂಪಿನ ಜೊತೆ ಸರದಿಯಲ್ಲಿ ಒಬ್ಬ ದೊಡ್ಡವರು ಇರಲಿ. ಸುಬಹಿ ನಮಾಝ್ ಮುಗಿಸಿ ಮರಳುವವರೇ ಸಾಕಷ್ಟು ಮಂದಿ ಸಿಗುತ್ತಾರೆ. ಮದುವೆ ಮಂಟಪದ ಉಳಿದ ಊಟ, ಅಂಗಡಿಯ ಕೋಳಿ ತ್ಯಾಜ್ಯ ಎಲ್ಲಿ ಹೋಗುತ್ತದೆ ಅಂತ ಜಮಾಅತ್ ಸಭೆಯಲ್ಲೇ ಕೇಳಲಿ. ಬೇಕಲದ ಆ ತಂದೆ ಮಕ್ಕಳ ಮುಂದೆ ಒಬ್ಬನೇ ನಡೆದ. ಊರು ಜೊತೆಗೆ ನಡೆದರೆ ಬಂದೂಕು ಹಿಡಿಯುವ ಅಗತ್ಯ ಯಾರಿಗೂ ಬರುವುದಿಲ್ಲ.