ಅಂಜಿಕೆ ಯಾರ ಕೈಯ ಕೋಲು?



ಮಗು ಹಟ ಹಿಡಿದು ಅತ್ತರೆ "ಸುಮ್ಮನಿರು, ಪೊಲೀಸಿನವರು ಬರ್ತಾರೆ" ಎಂದು ಹೇಳುವ ಅಜ್ಜಿಯರು ನಮ್ಮ ಲೈನ್ ಮನೆಗಳಲ್ಲಿ ಇಂದಿಗೂ ಇದ್ದಾರೆ. ಬೇರೆ ಊರಿನಲ್ಲಿ ಇದು ಬರೀ ಮಾತು. ತಾಳವಾಡಿ ಬೆಟ್ಟದಲ್ಲಿ ಹಾಗಲ್ಲ.

ವೀರಪ್ಪನ್ ಕಾಡಿನಲ್ಲಿದ್ದ ವರ್ಷಗಳಲ್ಲಿ ನಮ್ಮ ಜನರಿಗೆ ಎರಡು ಕಡೆಯ ಅಂಜಿಕೆ ಇತ್ತು. ರಾತ್ರಿ ಬಂದೂಕು ಹಿಡಿದು ಬಾಗಿಲಿಗೆ ಬಂದವನಿಗೆ ಅಕ್ಕಿ ಇಲ್ಲವೆನ್ನಲು ಯಾರಿಗೆ ಧೈರ್ಯ? ಪೊಲೀಸರಿಗೆ ಸುಳಿವು ಕೊಟ್ಟರೆಂಬ ಗುಮಾನಿಯ ಮೇಲೆಯೇ ಅವನು ಜನರನ್ನು ಕೊಂದಿದ್ದಾನೆ. ಹಗಲಾದರೆ ತಮಿಳುನಾಡು ಮತ್ತು ಕರ್ನಾಟಕದ ವಿಶೇಷ ಕಾರ್ಯಪಡೆಯವರು ಬಂದು, ಅಕ್ಕಿ ಕೊಟ್ಟವರು ಯಾರೆಂದು ಕೇಳುತ್ತಿದ್ದರು. ಮಲೆ ಮಹದೇಶ್ವರ ಬೆಟ್ಟದಲ್ಲಿ 'ವರ್ಕ್‌ಶಾಪ್' ಎಂದು ಕರೆಯುತ್ತಿದ್ದ ಜಾಗದಲ್ಲಿ ತಮಗೆ ಏನೇನು ಹಿಂಸೆಯಾಯಿತೆಂದು ಹಿಂತಿರುಗಿ ಬಂದವರು ಹೇಳಿದ್ದಾರೆ. 1993ರಿಂದ ಟಾಡಾ ಕಾನೂನಿನಡಿ ಹಿಡಿದು ಮೈಸೂರು ಜೈಲಿನಲ್ಲಿಟ್ಟವರಲ್ಲಿ ಬಹುಮಂದಿಯನ್ನು 2001ರಲ್ಲಿ ನ್ಯಾಯಾಲಯವು ನಿರಪರಾಧಿಗಳೆಂದು ಬಿಟ್ಟಿತು. ಅಷ್ಟರಲ್ಲಿ ಅವರ ಮಕ್ಕಳು ಕೂಲಿಗೆ ಹೋಗುವಷ್ಟು ದೊಡ್ಡವರಾಗಿದ್ದರು.

ಇದರಿಂದ ಏನು ಸಾಧಿಸಿದಂತಾಯಿತು? ಇಷ್ಟೆಲ್ಲ ಅಂಜಿಕೆಯ ನಡುವೆಯೇ, 2000ದ ಜುಲೈ 30ರ ರಾತ್ರಿ, ನಮ್ಮ ದೊಡ್ಡ ಗಾಜನೂರಿನಿಂದಲೇ ಡಾ. ರಾಜ್‌ಕುಮಾರ್ ಅವರನ್ನು ಅವನು ಕರೆದೊಯ್ದು 108 ದಿನ ಇಟ್ಟುಕೊಂಡ. ಕೊನೆಗೆ 2004ರ ಅಕ್ಟೋಬರ್ 18ರಂದು ಅವನು ಸತ್ತದ್ದು ಧರ್ಮಪುರಿ ಜಿಲ್ಲೆಯಲ್ಲಿ, ಪೊಲೀಸರು ಉಪಾಯದಿಂದ ಆಂಬ್ಯುಲೆನ್ಸ್ ಹತ್ತಿಸಿ ಕರೆತಂದಾಗ. ಬಡವರ ಬೆನ್ನಿನ ಮೇಲೆ ಮುರಿದ ಲಾಠಿಗಳಿಂದಲ್ಲ.

ಅಂಜಿಸುವವನು ಎಲ್ಲರನ್ನೂ ಹೊಡೆಯಬೇಕಾಗಿಲ್ಲ. ಒಬ್ಬನನ್ನು ಹೊಡೆದು ಊರಿಗೆ ಕಳಿಸಿದರೆ ಸಾಕು. ಅವನು ಕುಂಟುತ್ತಾ ಬೀದಿಯಲ್ಲಿ ನಡೆದರೆ ಉಳಿದವರು ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮ ಮನಸ್ಸಿಗೆ ಹೆಚ್ಚು ನೋವಾಗುವುದು ಇದೇ: ಹೊಡೆದವನ ಮೇಲಿನ ಸಿಟ್ಟಿಗಿಂತ, ಹೆಸರು ಹೇಳಿದವನು ಪಕ್ಕದ ಮನೆಯವನೇ ಇರಬಹುದೆಂಬ ಗುಮಾನಿ ಹೆಚ್ಚು ಕಾಲ ಉಳಿಯಿತು.

ಆದರೂ ಕೆಲವರು ಬಾಯಿ ತೆರೆದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ, ಓದುಬರಹ ಬಾರದ ಹೆಂಗಸರು ಸಹ ನಿಂತು ತಮಗಾದುದನ್ನು ಹೇಳಿದರು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ತಡವಾಯಿತು, ಸಾಲದೂ ಹೋಯಿತು. ಆದರೆ ಬಾಯಿ ತೆರೆಯದಿದ್ದರೆ ಅದೂ ಇರುತ್ತಿರಲಿಲ್ಲ.

ಕಾಡಿನ ಮಾತು ಹಾಗಿರಲಿ, ತೋಟಕ್ಕೆ ಬರೋಣ. "ಹೆದರಿಕೆ ಇಲ್ಲದಿದ್ದರೆ ಆಳು ಕೆಲಸ ಮಾಡುವುದಿಲ್ಲ" ಎನ್ನುವ ಮೇಸ್ತ್ರಿಯನ್ನು ನಾವೆಲ್ಲರೂ ಬಲ್ಲೆವು. ಹಾಜರಿ ಹೊಡೆಯುತ್ತೇನೆ, ಲೈನ್ ಖಾಲಿ ಮಾಡಿಸುತ್ತೇನೆ, ಮುಂಗಡ ತೀರಿಸದೆ ಹೇಗೆ ಹೋಗುತ್ತೀಯೋ ನೋಡುತ್ತೇನೆ! ಹೆದರಿದ ಆಳು ಏನು ಮಾಡುತ್ತಾನೆ? ತೂಕ ತುಂಬಿಸಲು ಹಣ್ಣಿನ ಜೊತೆಗೆ ಹಸಿರು ಕಾಯಿಯನ್ನೂ ಉದುರಿಸುತ್ತಾನೆ, ರೆಂಬೆ ಮುರಿಯುತ್ತಾನೆ. ಮೇಸ್ತ್ರಿ ಬೆನ್ನು ತಿರುಗಿಸಿದರೆ ಕೈ ನಿಲ್ಲುತ್ತದೆ. ಇದರಲ್ಲಿ ದೊರೆಗೂ ಲಾಭವಿಲ್ಲ. ಮುಂಗಡದ ಸಾಲದಿಂದ ಆಳನ್ನು ಕಟ್ಟಿಹಾಕುವ ಜೀತವನ್ನಂತೂ 1976ರ ಕಾನೂನು ರದ್ದುಮಾಡಿದೆ. ಅಂಥ ಸಾಲವನ್ನು ತೀರಿಸಬೇಕಾಗಿಯೂ ಇಲ್ಲ. ಇದು ಗೊತ್ತಿಲ್ಲದವರನ್ನೇ ಹುಡುಕಿ ಹೆದರಿಸುತ್ತಾರೆ.

ನಾವೇನು ಕಡಿಮೆಯೇ? ನರಕದ ಹೆಸರು ಹೇಳಿ ಕಾಣಿಕೆ ಕೇಳಿದವರನ್ನು ನಮ್ಮ ಸಭೆಗಳಲ್ಲಿಯೇ ಕಂಡಿದ್ದೇವೆ. ಕುಡಿದು ಬಂದು ಹೆಂಡತಿ ಮಕ್ಕಳನ್ನು ಗದರಿಸುವ ತಂದೆಯೂ ಹಗಲೆಲ್ಲ ಮೇಸ್ತ್ರಿಗೆ ಹೆದರಿದವನೇ.

ಒಂದು ಕಾರ್ಯವನ್ನು ಈ ತಿಂಗಳೇ ಆರಂಭಿಸಬಹುದು. ಯಾರನ್ನಾದರೂ ಆಫೀಸಿಗೆ ಒಬ್ಬರೇ ಬರಲು ಹೇಳಿ ಕಳಿಸಿದರೆ, ಅದೇ ಲೈನಿನ ಇಬ್ಬರು ಜೊತೆಗೆ ಹೋಗಲಿ. ಗಲಾಟೆ ಬೇಡ, ಘೋಷಣೆ ಬೇಡ. ಬಾಗಿಲ ಹೊರಗೆ ನಿಂತು, ಮಾತು ಮುಗಿದ ಮೇಲೆ ಕರೆದುಕೊಂಡು ಬಂದರಾಯಿತು. ಯಾವ ಲೈನಿನಿಂದ ಯಾರು ಹೋಗುವರೆಂಬುದನ್ನು ಬಟವಾಡೆಯ ನಂತರದ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಗೊತ್ತುಮಾಡೋಣ.